ದುರ್ಗವ್ವನ ಹೆಸರು ಜೋಡಿಸಿದ ಫಂಕ್ಷನ್

ನಾನು ಒಂದು ಫಂಕ್ಷನ್, ಅಂದರೆ ಕಂಪ್ಯೂಟರಿಗೆ ಒಂದೇ ಒಂದು ಕೆಲಸ ಹೇಳಿಕೊಡುವ ಪ್ರೋಗ್ರಾಮಿನ ತುಣುಕು. ಮೈಯೆಲ್ಲ ಸೇರಿ ಒಂಬತ್ತೇ ಸಾಲು. ಆದರೂ ನನ್ನ ಕಥೆ ಕೇಳಿದರೆ ನೀವು ಕುಳಿತಲ್ಲಿಂದ ಎದ್ದು ನಿಲ್ಲುತ್ತೀರಿ, ಬೇಕಾದರೆ ಪಂಥ ಕಟ್ಟುತ್ತೇನೆ!

ಹುಬ್ಬಳ್ಳಿಯ ಒಂದು ರಕ್ತನಿಧಿಯ ಕಂಪ್ಯೂಟರಿನಲ್ಲಿ ನಾನು ಹುಟ್ಟಿದೆ. ನನ್ನನ್ನು ಬರೆದವರು ಪ್ರೋಗ್ರಾಮರ್ ಶಶಿಕಲಾ ಹೊಂಬಳ. ರಕ್ತ ಕೊಡುವವರ ಹೆಸರು, ತಂದೆಯ ಹೆಸರು, ಅಡ್ಡಹೆಸರು, ಊರು, ಫೋನ್ ನಂಬರ್ ಬೇರೆಬೇರೆ ಖಾನೆಗಳಲ್ಲಿ ಇರುತ್ತಿದ್ದವು. ಅವನ್ನು ಜೋಡಿಸಿ ಒಂದೇ ಸಾಲು ಮಾಡಿಕೊಡುವುದು ನನ್ನ ಕೆಲಸ. ಯಾವುದಾದರೂ ಖಾನೆ ಖಾಲಿಯಿದ್ದರೆ, ಈ ವಿವರಗಳನ್ನೆಲ್ಲ ಕೂಡಿಟ್ಟುಕೊಂಡಿದ್ದ ನಮ್ಮ ಡೇಟಾಬೇಸ್ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅದನ್ನು ಬಿಟ್ಟು ಉಳಿದದ್ದನ್ನು ಜೋಡಿಸಲು ಬಿಡುತ್ತಿತ್ತು. ಎಂಟು ವರ್ಷ ಹೀಗೇ ಸುಖವಾಗಿದ್ದೆ.

ಆಮೇಲೆ ರಕ್ತನಿಧಿಗೆ ಬೇರೊಂದು ಡೇಟಾಬೇಸ್ ಬಂತು. ನನ್ನನ್ನು ಅಲ್ಲಿಗೆ ಸಾಗಿಸಿದರು. ಒಂದಕ್ಷರವೂ ಬದಲಾಗಲಿಲ್ಲ, ಹತ್ತು ಹೆಸರು ಕೊಟ್ಟು ನೋಡಿದರು, ಹತ್ತೂ ಸರಿಯಾಗಿ ಬಂದವು. ನಾನು ಉಬ್ಬಿಹೋದೆ. ಆ ಹತ್ತೂ ಜನರ ಖಾನೆಗಳು ಭರ್ತಿಯಾಗಿದ್ದವು ಎಂಬುದು ಯಾರಿಗೂ ಹೊಳೆಯಲಿಲ್ಲ. ಹೊಸ ಮನೆಯ ಪದ್ಧತಿಯೇ ಬೇರೆ. ಇಲ್ಲಿ ಒಂದು ಖಾನೆಯಲ್ಲಿ ಏನೂ ಇಲ್ಲದಿದ್ದರೆ ಜೋಡಿಸಿದ ಇಡೀ ಸಾಲೇ ಇಲ್ಲವಾಗುತ್ತಿತ್ತು!

ಮೂರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಹೆರಿಗೆ ಆಸ್ಪತ್ರೆಯಿಂದ ಫೋನ್ ಬಂತು. ಸಂಜೆ ಐದಕ್ಕೆ ಒಬ್ಬ ಬಸುರಿಗೆ ಆಪರೇಷನ್. ಅವಳದು ಸಾವಿರಾರು ಜನರಲ್ಲಿ ಒಬ್ಬರಿಗಿರುವ ಬಾಂಬೆ ಗುಂಪಿನ ರಕ್ತ, ಬೇರೆ ಯಾವುದೂ ಒಗ್ಗುವುದಿಲ್ಲ. ಟೆಕ್ನಿಷಿಯನ್ ಮೌಲಾಲಿ ಹುಡುಕಿದರು. ಒಬ್ಬರು ಸಿಕ್ಕಿದ್ದಾರೆ ಎಂದು ಪರದೆ ಹೇಳಿತು, ಅದರ ಕೆಳಗೆ ಬರೀ ಬಿಳಿ. ನನ್ನ ಬಾಯಿ ಕಟ್ಟಿಹೋಗಿತ್ತು. ಆ ನಾಚಿಕೆ ಹೇಳತೀರದು!

ಶಶಿಕಲಾ ಓಡಿಬಂದರು.

"ಅಕ್ಕಾರ, ಒಬ್ರು ಅದಾರಂತ ತೋರಸಾಕತ್ತೈತಿ. ಹೆಸರೂ ಇಲ್ಲ, ನಂಬರೂ ಇಲ್ಲ!" ಎಂದರು ಮೌಲಾಲಿ.

ಶಶಿಕಲಾ ನನ್ನನ್ನು ತೆರೆದು ಓದಿದರು, ಹಣೆ ಬಡಿದುಕೊಂಡರು. "ಯಾವುದೋ ಒಂದು ಖಾನೆ ಖಾಲಿ ಇರಬೇಕ್ರಿ. ಅದಕ್ಕ ಎಲ್ಲಾ ಹೋಗೈತಿ."

"ಖಾಲಿ ಇದ್ದಲ್ಲೆಲ್ಲಾ ಏನರ ಒಂದು ತುಂಬಿಬಿಡ್ರಿ, ಲಗೂ ಆಗ್ತೈತಿ."

"ಬ್ಯಾಡ ಅಂತ ಬಿಟ್ಟವರ ಜಾಗಾ ತುಂಬಾಕ ನಾವ್ಯಾರ್ರಿ? ಖಾಲಿ ಇದ್ರ ಇರ್ಲಿ. ಉಳಿದದ್ದು ಜೋಡಸ್ಲಿ."

ನನ್ನ ಹೊಟ್ಟೆಯೊಳಗೆ ಒಂದು ಸಾಲು ಸೇರಿಸಿದರು. ಖಾನೆ ಖಾಲಿಯಿದ್ದರೆ ಅದನ್ನು ದಾಟಿ ಮುಂದೆ ಹೋಗು ಎಂದು ಅದರ ಅರ್ಥ. ಗುಂಡಿ ಒತ್ತಿದರು. ನಾನು ಉಸಿರು ಬಿಗಿಹಿಡಿದು ಜೋಡಿಸಿದೆ: ದುರ್ಗವ್ವ ಹೆಬಸೂರ, ನವಲಗುಂದ, ಪಕ್ಕದಲ್ಲಿ ಹತ್ತು ಅಂಕಿಯ ನಂಬರ್! ಮೌಲಾಲಿ ಕೂಗಿದ ಕೂಗಿಗೆ ಹೊರಗೆ ಕುಳಿತವರೆಲ್ಲ ಒಳಗೆ ಇಣುಕಿದರು.

ಫೋನ್ ಹೋದದ್ದೇ ತಡ, ಹೊಲಿಗೆ ಅಂಗಡಿ ಹಾಗೇ ಬಿಟ್ಟು, ಸಿಕ್ಕ ಬಸ್ಸು ಹತ್ತಿ, ಮಧ್ಯಾಹ್ನ ಒಂದು ಗಂಟೆಗೆಲ್ಲ ದುರ್ಗವ್ವ ಬಂದಳು. ಅಳತೆಯ ಟೇಪು ಇನ್ನೂ ಕೊರಳಲ್ಲೇ ಇತ್ತು. ಮೌಲಾಲಿ ಅಚ್ಚಾದ ಚೀಟಿ ತೋರಿಸಿ, "ಅಪ್ಪನ ಹೆಸರು ಬಿಟ್ಟೈತಿ, ಬರ್ಕೋಬೇಕೇನವ್ವಾ?" ಎಂದು ಕೇಳಿದರು.

"ಬ್ಯಾಡ್ರಿ. ಸಾಕಿದಾಕಿ ನಮ್ಮವ್ವ. ಇಷ್ಟಽ ನನ್ನ ಹೆಸರು," ಎಂದು ತೋಳು ಚಾಚಿದಳು.

ಪರೀಕ್ಷೆ ಮುಗಿದು ರಕ್ತ ಹೊತ್ತಿಗೆ ಸರಿಯಾಗಿ ಹೋಯಿತು. ತಾಯಿಯೂ ಉಳಿದಳು, ಹೆಣ್ಣುಮಗುವೂ ಉಳಿಯಿತು. ಅಂದು ನನಗಾದ ಸಂತೋಷಕ್ಕೆ ಯಾವ ಖಾನೆಯೂ ಸಾಲದು!

ಈಗ ನನಗೆ ವಯಸ್ಸಾಯಿತು. ಜೋಡಿಸುವ ಕೆಲಸಕ್ಕೆ ಚುರುಕಾದ ಹೊಸಬರು ಬಂದಿದ್ದಾರೆ. ಹಳೆಯ ಕಡತಗಳ ಮೂಲೆಯಲ್ಲಿ ಮಲಗಿರುತ್ತೇನೆ, ಯಾರೂ ಕರೆಯುವುದಿಲ್ಲ. ಕೆಲಸ ಬಿಟ್ಟು ಹೋಗುವ ದಿನ ಶಶಿಕಲಾ ಬೇಡದ ಫಂಕ್ಷನ್‌ಗಳನ್ನೆಲ್ಲ ಒಂದೊಂದಾಗಿ ತೆಗೆಯುತ್ತ ಬಂದರು. ನನ್ನ ಸರದಿ ಬಂತು. ಅವರು ನನ್ನ ನೆತ್ತಿಯ ಮೇಲೆ ಒಂದು ಟಿಪ್ಪಣಿ ಬರೆದು ಮುಚ್ಚಿದರು:

"ಅಳಿಸಬೇಡಿ. ದುರ್ಗವ್ವನನ್ನು ಕರೆದದ್ದು ಇದು."