ನಡುವಿನ ಅಂಗಡಿ

"ಬಹುಮಾನ ಎಂತಕ್ಕೆ ಸಿಕ್ಕಿದ್ದು ಅಂತ ಈ ಮಗಳು ಬಾಯಿಯೇ ಬಿಡುದಿಲ್ಲ ಮೇಡಂ. ನೀವಾದ್ರೂ ಹೇಳಿ," ಎನ್ನುತ್ತಾ ಕುಂಞಿ ಮೋನು ಇಚಿಲಂಪಾಡಿಯ ತಮ್ಮ ಅಂಗಡಿಯ ಬೆಂಚು ಒರೆಸಿದರು.

ವಾಸಂತಿ ಪುತ್ತೂರಿನ ಕಾಲೇಜೊಂದರಲ್ಲಿ ಬಿಬಿಎ ಮಕ್ಕಳಿಗೆ ಪಾಠ ಹೇಳುವವಳು. ಬಹುಮಾನ ಪ್ರಕಟವಾದ ಮೇಲೆ ಅವಳ ವಿದ್ಯಾರ್ಥಿನಿ ಫರ್ಝಾನಾ ಕಾಲೇಜಿನ ಕಡೆ ತಲೆಹಾಕಿರಲಿಲ್ಲ. ಕಲಿಸಿದವಳ ಹೆಮ್ಮೆ ಕೇಳಬೇಕೇ, ಬಹುಮಾನದ ಫಲಕವನ್ನು ತಾನೇ ಹೊತ್ತು ತಂದಿದ್ದಳು. ಮೂಲೆಯಲ್ಲಿ ಬೋರಲು ಹಾಕಿದ ಖಾಲಿ ಕೊಕ್ಕೋ ಬುಟ್ಟಿಗಳನ್ನು ಕಂಡದ್ದೇ ಆ ಹೆಮ್ಮೆ ಇಳಿದುಹೋಯಿತು. ತನ್ನ ತಂದೆ ಕೊಕ್ಕೋ ಕೊಳ್ಳುವವರೆಂದು ಹುಡುಗಿ ಒಮ್ಮೆಯೂ ಹೇಳಿರಲಿಲ್ಲ.

ಪುಸ್ತಕದ್ದು ಸಾಕು, ಊರಿನ ಸಮಸ್ಯೆ ಬಿಡಿಸಿ ಎಂದವಳು ವಾಸಂತಿಯೇ. ಕೊಕ್ಕೋದ ಹಸಿಬೀಜ ಕಾರ್ಖಾನೆ ಮುಟ್ಟುವಷ್ಟರಲ್ಲಿ ಕೆಡುತ್ತದೆ, ಏನು ಮಾಡಬೇಕು? ಫರ್ಝಾನಾ ತೋಟ, ಅಂಗಡಿ, ಕಾರ್ಖಾನೆ ಎಂದು ಮೂರು ಚೌಕ ಬರೆದು, ನಡುವಿನದನ್ನು ಒರೆಸಿ, ಮನೆಮನೆಗೇ ಪಿಕಪ್ ಗಾಡಿ ಕಳಿಸಿ ಎಂದಳು. ಮೊದಲು ಚಪ್ಪಾಳೆ ತಟ್ಟಿದ್ದೂ ವಾಸಂತಿಯೇ. ಕಾಲೇಜಿನ ಸ್ಪರ್ಧೆಯ ತೀರ್ಪಿಗೆ ಬಂದಿದ್ದ ಕೊಕ್ಕೋ ಕಂಪೆನಿಯವರು ಬಹುಮಾನ ಕೊಟ್ಟು ಸುಮ್ಮನಾಗಲಿಲ್ಲ, ಊರಿಗೆ ಪಿಕಪ್ಪನ್ನೂ ಇಳಿಸಿಬಿಟ್ಟರು.

"ಉಪ್ಪಾ, ಆ ಪಿಕಪ್ ನಾನೇ ಹೇಳಿಕೊಟ್ಟದ್ದು." ಬಾಗಿಲಲ್ಲಿ ನಿಂತಿದ್ದ ಫರ್ಝಾನಾ ಬಿಕ್ಕಿದಳು. "ಅದಕ್ಕೇ ಬಹುಮಾನ. ಕ್ಲಾಸಿನದ್ದು ಅಂತ ಮಾಡಿದೆ. ಆ ಚೌಕದಲ್ಲಿ ನೀವು ಕಾಣ್ಲೇ ಇಲ್ಲ."

ಕುಂಞಿ ಮೋನು ಫಲಕ ಕೈಗೆತ್ತಿಕೊಂಡು ಮಗಳ ಹೆಸರಿನ ಮೇಲೆ ಬೆರಳಾಡಿಸಿದರು.

"ನೀನು ಹೇಳಿದ್ದು ಸರಿಯೇ ಉಂಟಲ್ಲ ಮೋಳೇ," ಎಂದರು. "ಇಲ್ಲಿ ಇಳಿಸಿ, ಕಾದು, ಮತ್ತೆ ಹತ್ತಿಸುದು ದಂಡವೇ." ವಾಸಂತಿಯ ಕಡೆ ತಿರುಗಿ, ಕೊಂಕಿಲ್ಲದೆ ಕೇಳಿದರು. "ಅಂಗಡಿಯವ ಇನ್ನು ಎಂತ ಮಾಡುದು ಅಂತ ಪಾಠ ಉಂಟಾ ಮೇಡಂ?"

ವಾಸಂತಿಗೆ ಅಳು ಒತ್ತರಿಸಿ ಬಂತು.

ಅಷ್ಟರಲ್ಲಿ ನೆರೆಯ ಮಹಾಬಲ ಹಸಿಬೀಜದ ಬುಟ್ಟಿ ಹೊತ್ತು ಏದುಸಿರು ಬಿಡುತ್ತಾ ಬಂದ. "ಪಿಕಪ್ ಬರುವಾಗ ನಾನು ಮನೆಯಲ್ಲಿ ಇರ್ಲಿಲ್ಲ ಮಾರಾಯ್ರೆ. ನೀವೇ ಇಟ್ಕೊಳ್ಳಿ."

ಕುಂಞಿ ಮೋನು ಎರಡೂ ಕೈಯಲ್ಲಿ ಬುಟ್ಟಿ ಇಳಿಸಿಕೊಂಡರು. ಆಗಲೇ ರಸ್ತೆಯಲ್ಲಿ ಹಾರ್ನ್ ಕೇಳಿಸಿತು, ಪಿಕಪ್ ವಾಪಸು ಹೊರಟಿತ್ತು. ಅವರು ಬುಟ್ಟಿಯೊಂದಿಗೇ ಓಡಿ ಅದನ್ನು ನಿಲ್ಲಿಸಿದರು.

"ನನ್ನಲ್ಲಿ ಇಟ್ರೆ ಹಾಳಾಗ್ತದೆ. ಇದ್ರಲ್ಲೇ ಹೋಗ್ಲಿ," ಎಂದು ತಾವೇ ಎತ್ತಿ ಹಾಕಿದರು.

ಗಾಡಿ ಹೊರಟುಹೋಯಿತು. ಕೈಗಂಟಿದ ಲೋಳೆಯನ್ನು ಲುಂಗಿಗೆ ಒರೆಸಿಕೊಳ್ಳುತ್ತಾ ಅವರು ರಸ್ತೆಯಲ್ಲೇ ನಿಂತಿದ್ದರು.