ಮೂರು ದಿನ ನೀರು ಮುಟ್ಟಿಸಬ್ಯಾಡ

ಅಗರಖೇಡದಲ್ಲಿ ಯಾರ ಮೈಮೇಲೆ ಗಜಕರ್ಣ ಎದ್ದರೂ ಅವರ ಕಾಲು ಗುಂಡವ್ವನ ಮನೆ ಕಡೆ ತಿರುಗುತ್ತಿತ್ತು. ಗುರುವಾರ ನಸುಕಿನಲ್ಲಿ ಯಾರ ಕೂಡಲೂ ಮಾತಾಡದೆ ಆಕೆ ಹೊಲದ ಬದುವಿಗೆ ಹೋಗಿ ತಪ್ಪಲ ಹರಿದು ತರುವಳು. ಪಡಸಾಲೆಯ ಮೂಲೆಯಲ್ಲಿ ಎಲ್ಲರಿಗೂ ಬೆನ್ನು ಮಾಡಿ ಕೂತು, ಹುಳಿಮಜ್ಜಿಗೆ ಹಾಕಿ ಕಲ್ಲಿನ ಮೇಲೆ ಅರೆಯುವಳು. ಆ ಸೊಪ್ಪಿನ ಹೆಸರು ಮಾತ್ರ ಬಾಯಿಬಿಡುತ್ತಿರಲಿಲ್ಲ. ಹೇಳಿದರೆ ಕೈಗುಣ ಹೋಗುತ್ತದೆ ಎಂದು, ಔಷಧ ಕಲಿಸಿದ ಅವ್ವ ಆಣೆ ಹಾಕಿಸಿಕೊಂಡಿದ್ದಳು. ಹಚ್ಚಿ ಕಳಿಸುವಾಗ ಪಥ್ಯದ ಹಾಗೆ ಒಂದು ಕಟ್ಟು ಹೇಳುವಳು: “ಮೂರು ದಿನ ನೀರು ಮುಟ್ಟಿಸಬ್ಯಾಡ. ಉಟ್ಟ ಅರಿವಿ ಬಿಡಬ್ಯಾಡ.”

ತೊಂಬತ್ತೆಂಟರ ಮಳೆಗಾಲದಲ್ಲಿ ಗಜಕರ್ಣ ಗುಂಡವ್ವನ ನಡುವಿಗೇ ಬಂತು. ಸೀರೆ ಕಟ್ಟುವಲ್ಲಿ ಬಳೆಯಷ್ಟು ದುಂಡಗೆ, ಅಂಚೆಲ್ಲ ಕೆಂಪು. ಔಷಧ ಕೊಡುವವರು ತಮಗೆ ತಾವೇ ಹಚ್ಚಿಕೊಳ್ಳಬಾರದು, ಇನ್ನೊಬ್ಬರ ಕೈಯಿಂದಲೇ ಆಗಬೇಕು. ಅದೂ ಅವ್ವ ಹೇಳಿದ್ದೇ. ಹತ್ತು ದಿನ ತಡೆದಳು. ಹೊಲದಲ್ಲಿ ಕಸ ಕೀಳುವಾಗ ಬೆವರಿಳಿದರೆ ಖುರುಪಿ ಒಗೆದು ಕೆರೆದುಕೊಳ್ಳುವ ಹಾಗಾಯಿತು. ಕಡೆಗೆ ಒಲೆ ಮುಂದಿದ್ದ ಸೊಸೆ ಸೌಂದರ್ಯಾಳ ಬಳಿ ಕೂತಳು.

“ನಿನಗೊಂದು ಹೆಸರು ಹೇಳಬೇಕು. ಹೇಳಿದ ಮ್ಯಾಲ ನನ್ನ ಕೈಗುಣ ಮುಗೀತು ಅಂತ ತಿಳಿ.”

“ತಗಚಿ ತಪ್ಪಲ, ಹೌದಲ್ರಿ ಅತ್ತಿ?” ಸೌಂದರ್ಯಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ಯಾರ ಹೇಳಿದ್ರು?”

“ಆರು ವರ್ಷ ಆತು ನಾ ಆ ಕಲ್ಲು ತೊಳ್ಯಾಕತ್ತಿ. ನೀವು ಬೆನ್ನು ತಿರುವಿದರ ಕಲ್ಲಿಗಿ ಅಂಟಿದ್ದು ಕಾಣಂಗಿಲ್ಲೇನ್ರಿ? ಆಡು ಕಾಯೋರಿಗೂ ಗೊತ್ತೈತಿ.”

“ಮತ್ತ ಮಂದಿ ನನ್ನ ಕಡೆ ಯಾಕ ಬರತಾರ?”

“ಮನ್ಯಾನವರೇ ಮುಟ್ಟಾಕ ಹೇಸತಾರ. ನೀವು ಹೇಸಂಗಿಲ್ಲ.”

ಆ ಮಾತು ಹಿಡಿಸಿತೋ ಚುಚ್ಚಿತೋ ಗುಂಡವ್ವನಿಗೆ ತಿಳಿಯಲಿಲ್ಲ. ಸೌಂದರ್ಯಾ ಅರೆದು ಹಚ್ಚಿದಳು. ಮರುದಿನ ಬೆಳಿಗ್ಗೆ ನೀರು ಕಾಸಿ ಕರೆದಳು.

“ಜಳಕಾ ಮಾಡ್ರಿ. ಸೀರಿ ಕೊಡ್ರಿ, ಕುದಿಸಿ ಬಿಸಲಿಗಿ ಹಾಕತೇನಿ.”

“ಮೂರು ದಿನ ಆಗಿಲ್ಲಲ್ಲ!”

“ನಮ್ಮ ಓಣಿ ರಹಿಮಾಬಿ ನಿಮ್ಮ ಕಡೆ ಹಚ್ಚಿಸ್ಕೊಂಡು, ನಿಮ್ಮ ಮಾತು ಕೇಳಿ ಮೂರು ದಿನ ಅದ ಬೆವತ ಸೀರಿ ಉಟ್ಟಳು. ಬೆನ್ನಾಗ ಒಂದಿದ್ದದ್ದು ನಾಕಾತು. ತಪ್ಪಲದಾಗ ಐಬಿಲ್ರಿ ಅತ್ತಿ, ಆ ಕಟ್ಟಿನಾಗ ಐತಿ.”

“ನಮ್ಮವ್ವಗ ಬುದ್ಧಿ ಇರಲಿಲ್ಲೇನು?”

“ನಿಮ್ಮವ್ವಗ ಇದ್ದದ್ದು ಒಂದ ಸೀರಿ ಅಂತ ನೀವ ಹೇಳತೀರಲ್ರಿ. ಬಿಟ್ಟು ಏನ ಉಟ್ಕೊಬೇಕಿತ್ತು?”

ಗುಂಡವ್ವ ಬಚ್ಚಲ ಕಲ್ಲಿನ ಮೇಲೆ ಹೋಗಿ ಕೂತಳು. ಅವ್ವ ಭೀಮಾ ಹೊಳೆಯಿಂದ ಕೊಡ ಹೊತ್ತು ದಿಬ್ಬ ಏರುತ್ತಿದ್ದದ್ದು, ಮನೆಯಲ್ಲಿ ಕುಡಿಯುವುದಕ್ಕೇ ನೀರು ಅಳೆದು ಹಾಕುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ಆಮೇಲೆ ತಂಬಿಗೆಗೆ ಕೈಹಾಕಿದಳು.

ದಿನಾ ತೊಳೆದು, ಒರೆಸಿ, ಹಚ್ಚಿಸಿಕೊಂಡದ್ದಕ್ಕೆ ನಾಲ್ಕನೇ ವಾರ ನಡುವಿನ ಮೇಲೆ ಮಾಸಿದ ಕಲೆ ಮಾತ್ರ ಉಳಿದಿತ್ತು. ಆ ಗುರುವಾರ ರಹಿಮಾಬಿ ಮತ್ತೆ ಬಂದಳು. ಬೆನ್ನು ಕೊಟ್ಟು ಕೂತು ತಾನೇ ಅಂದಳು, “ಮೂರು ದಿನ ನೀರು ಮುಟ್ಟಿಸಂಗಿಲ್ಲ. ಗೊತ್ತೈತಿ ತಗೋ.”

ಗುಂಡವ್ವ ಹಚ್ಚುತ್ತಲೇ ಹೇಳಿದಳು, “ಅದು ನಾ ತಪ್ಪ ಹೇಳಿದ್ದೆ. ದಿನಾ ತೊಳಿ. ಉಟ್ಟದ್ದು ಕುದಿಸಿ ಒಣಗಹಾಕು. ಕಡಿಮಿ ಆಗದಿದ್ದರ ಸಿಂದಗಿ ಡಾಕ್ಟರ ಕಡೆ ಹೋಗು, ನನ್ನ ಹಾದಿ ಕಾಯಬ್ಯಾಡ.”

“ಇಷ್ಟ ದಿನ ಕೆರಸಿ ಕೆರಸಿ ಈಗ ಹೇಳತಿಯೇನ ಗುಂಡಕ್ಕಾ! ನಿನ್ನ ಬಾಯಾಗ ಮಣ್ಣ ಹಾಕ!”

“ಹಾಕವ್ವಾ,” ಎಂದಳು ಗುಂಡವ್ವ.

ರಹಿಮಾಬಿ ಬೈಯುತ್ತಲೇ ಹೋದಳು. ಗುಂಡವ್ವ ಕೈ ತೊಳೆದು ಚಪ್ಪಲಿ ಮೆಟ್ಟಿದಳು. ಕೆಳಗಿನ ಓಣಿಯ ಸುಂದರವ್ವನ ಕೂಸಿಗೆ ಹೋದ ತಿಂಗಳು ಇದೇ ಕಟ್ಟು ಹೇಳಿ ಕಳಿಸಿದ್ದಳು. ಮೊದಲು ಅಲ್ಲಿಗೆ ಹೋಗಬೇಕಿತ್ತು.