ಶನಿವಾರದ ಮೆಟ್ಟಿಲು

"ಕೈ ಬಿಚ್ಚು," ಎಂದ ಬೂಟಿನಂಗಡಿಯವ.

ಎಸ್ಕಲೇಟರಿನ ಮೇಲ್ತುದಿಯ ಗುಂಡಿಯಲ್ಲಿ ಸೊಂಟದವರೆಗೆ ಇಳಿದು ನಿಂತಿದ್ದ ರಿಪೇರಿಯವನು ತಲೆಯೆತ್ತಿದ. ಬೂಟಿನಂಗಡಿಯವನು ಹಳದಿ ಸರಪಳಿ ದಾಟಿ ಬಂದು ಮೊಬೈಲಿನ ಬೆಳಕನ್ನು ನೇರ ಅವನ ಮುಷ್ಟಿಯ ಮೇಲೆ ಬಿಟ್ಟಿದ್ದ. ಅಕ್ಕಪಕ್ಕದ ಅಂಗಡಿಯವರು ತಂತಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ರಿಪೇರಿಯವನು ಮುಷ್ಟಿ ಬಿಚ್ಚಿದ. ಗ್ರೀಸು ಮೆತ್ತಿದ ಅಂಗೈಯಲ್ಲಿ ಒಂದು ನಟ್ಟು, ಅದರ ವಾಷರು.

"ಇದನ್ನ ಈಗ ಬಿಚ್ಚಿದ್ದೋ, ಬೆಳಿಗ್ಗೇನೇ ಬಿಚ್ಚಿಟ್ಟಿದ್ದೋ?"

"ಮುಚ್ಚಳ ತೆಗೀಬೇಕಾದ್ರೆ ನಟ್ಟು ಬಿಚ್ಚಲೇಬೇಕಲ್ಲ ಅಣ್ಣಾ."

"ಇದು ಏಳನೇ ಶನಿವಾರ. ವಾರವೆಲ್ಲಾ ನಾವು ನೊಣ ಹೊಡೀತಾ ಕೂತಿರ್ತೀವಿ, ಆಗ ಜುಮ್ಮಂತ ಓಡುತ್ತೆ. ನಾಲ್ಕು ಜನ ಬರೋ ದಿನ ನೋಡ್ಕೊಂಡು ನಿಲ್ಲುತ್ತೆ. ನಿನ್ನ ಯಂತ್ರಕ್ಕೆ ಕ್ಯಾಲೆಂಡರ್ ಓದೋಕೆ ಬರುತ್ತೇನಯ್ಯಾ?"

ಬಾಗಿಲಲ್ಲಿ ನಿಂತವರಲ್ಲಿ ಯಾರೋ ನಕ್ಕರು. ಅದು ತಮಾಷೆಯ ನಗೆಯಲ್ಲ ಎಂಬುದು ರಿಪೇರಿಯವನಿಗೆ ತಿಳಿಯಿತು. ಬೂಟಿನಂಗಡಿಯವನು ಅಂಗಡಿಕಾರರ ಸಂಘದ ಕಾರ್ಯದರ್ಶಿ. ಅವನು ಬಾಯಿಬಿಟ್ಟು ಆಡಿದ್ದನ್ನೇ ಉಳಿದವರು ಬಾಯಿಮುಚ್ಚಿಕೊಂಡು ಆಡುತ್ತಿದ್ದರು. ಬೇಲಿಯೇ ಎದ್ದು ಹೊಲ ಮೇಯುತ್ತಿದೆ ಎಂಬುದು ಎಲ್ಲರ ಗುಮಾನಿ.

ಗುಮಾನಿಗೆ ಕಾರಣವಿಲ್ಲದೆ ಇರಲಿಲ್ಲ. ವರ್ತುಲ ರಸ್ತೆಯಲ್ಲಿ ಸಿನಿಮಾ ಇರುವ ಹೊಸ ಮಾಲ್ ತೆರೆದ ಮೇಲೆ ಈ ಹಳೆಯ ಮಾಲಿನ ಜೀವ ಇಳಿಯುತ್ತಾ ಬಂದಿತ್ತು. ಮೂರನೆಯ ಅಂತಸ್ತಿನ ತಿಂಡಿ ಅಂಗಡಿಗಳು ಮೊದಲು ಮುಚ್ಚಿದವು. ಲಿಫ್ಟ್ ನಿಂತು ಎರಡು ವರ್ಷವಾಗಿತ್ತು. ಕೆಳಗಿನ ಕಾರಂಜಿಯಲ್ಲಿ ನೀರಿನ ಬದಲು ಮುರಿದ ಕುರ್ಚಿಗಳನ್ನು ಪೇರಿಸಿದ್ದರು. ಮಾಲೀಕರ ಕಂಪನಿಗೆ ಇದನ್ನು ಕೆಡವಿ, ಮೇಲೆ ಮನೆಗಳು, ಕೆಳಗೆ ಒಂದು ಸಾಲು ಅಂಗಡಿ ಕಟ್ಟುವ ಆಸೆ. ಅಂಗಡಿಕಾರರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುತ್ತಿರಲಿಲ್ಲ. ಹೀಗಿರುವಾಗ ಕೆಟ್ಟ ಬಲ್ಬು ಹಾಗೇ ಉಳಿದರೂ, ನಲ್ಲಿ ಸೋರಿದರೂ, "ಬೇಕಂತಲೇ ಮಾಡ್ತಿದ್ದಾರೆ" ಎನ್ನುವುದು ರೂಢಿಯಾಗಿತ್ತು. ಎಸ್ಕಲೇಟರ್ ನಿಂತರೆ ಗಿರಾಕಿ ಹಿಂಬದಿಯ ಮೆಟ್ಟಿಲು ಹುಡುಕಿಕೊಂಡು ಹೋಗಬೇಕು. ಅರ್ಧ ಜನ ಹುಡುಕುವ ಗೋಜಿಗೇ ಹೋಗದೆ ಕೆಳಗಿನಿಂದಲೇ ತಿರುಗುತ್ತಿದ್ದರು.

ಬೂಟಿನಂಗಡಿಯವನು "ಸೋಮವಾರ ಮೀಟಿಂಗಿದೆ, ಅಲ್ಲಿ ಹೇಳು ನಿನ್ನ ನಟ್ಟಿನ ಕಥೆ," ಎಂದು ಹೊರಟುಹೋದ.

ಅವನು ಹೋದ ಮೇಲೆ ರಿಪೇರಿಯವನು ಬಾಚಣಿಗೆ ಪಟ್ಟಿಯನ್ನು ಎತ್ತಿದ. ಎಸ್ಕಲೇಟರಿನ ಮೆಟ್ಟಿಲುಗಳು ನೆಲದೊಳಗೆ ನುಸುಳುವ ಜಾಗದಲ್ಲಿ ಬಾಚಣಿಗೆಯ ಹಲ್ಲಿನಂಥ ಪಟ್ಟಿಯೊಂದಿರುತ್ತದೆ. ಅದಕ್ಕೆ ಏನಾದರೂ ಸಿಕ್ಕಿಕೊಂಡರೆ ಯಂತ್ರ ತಂತಾನೇ ನಿಲ್ಲುತ್ತದೆ. ನಿಂತ ಮೇಲೆ ಒಂದೊಂದು ಮೆಟ್ಟಿಲನ್ನೂ ಕೈಯಲ್ಲಿ ತಿರುಗಿಸಿ ನೋಡದೆ ಮತ್ತೆ ಓಡಿಸುವಂತಿಲ್ಲ, ಮಧ್ಯಾಹ್ನ ಕಳೆದುಹೋಗುತ್ತದೆ. ಆರು ಶನಿವಾರ ಹುಡುಕಿದರೂ ಸಿಕ್ಕಿಕೊಂಡದ್ದೇನು ಎಂದು ಗೊತ್ತಾಗಿರಲಿಲ್ಲ. ಇವತ್ತು ಅದು ಜಾರಿ ಒಳಗೆ ಬೀಳದೆ ಹಲ್ಲುಗಳ ನಡುವೆಯೇ ನಿಂತಿತ್ತು.

ಕಿರುಬೆರಳಿನಷ್ಟು ದಪ್ಪದ ಒಂದು ಸಣ್ಣ ಚೀಲ. ಕಾಲರಿನೊಳಗೆ ಹಾಕುವ ಬಕ್ರಮ್ ಬಟ್ಟೆಯನ್ನು ಮೂರು ಪದರ ಮಡಚಿ ಹೊಲಿದದ್ದು. ಒಳಗೆ ಪ್ಯಾಂಟಿನ ಸೊಂಟಕ್ಕೆ ಹಾಕುವ ನಾಲ್ಕು ಉಕ್ಕಿನ ಹುಕ್ಕುಗಳು. ಬರೀ ಹುಕ್ಕು ಹಾಕಿದ್ದರೆ ಹಲ್ಲು ಮುರಿಯುತ್ತಿತ್ತು. ಬರೀ ಬಟ್ಟೆ ಹಾಕಿದ್ದರೆ ಯಂತ್ರ ನುಂಗಿ ಮುಂದೆ ಹೋಗುತ್ತಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಯಾರೋ ಯೋಚನೆ ಮಾಡಿ ಹೊಲಿದಿದ್ದರು. ಹಲ್ಲು ಮುರಿದರೆ ಹೊಸದು ಬರಲು ತಿಂಗಳಾಗುತ್ತದೆ, ಅದರ ಬೈಗುಳವೆಲ್ಲಾ ತನ್ನ ತಲೆಗೇ ಎಂದು ಅವನು ಹೊರಗೆ ಯಾರ ಹತ್ತಿರವೂ ಹೇಳಿರಲಿಲ್ಲ. ಮನೆಯಲ್ಲಿ ಹೇಳಿದ್ದ. ಊಟ ಮಾಡುತ್ತಾ.

ಅವನು ಚೀಲವನ್ನು ತಿರುಗಿಸಿದ. ಹೊಲಿಗೆಯ ಕೊನೆಯಲ್ಲಿ ಒತ್ತೊತ್ತಾಗಿ ಮೂರು ಗಂಟು. ತನ್ನ ಅಂಗಿಯ ಗುಂಡಿಗಳನ್ನು ಅವನು ನೋಡಿಕೊಳ್ಳಲಿಲ್ಲ, ನೋಡುವ ಅಗತ್ಯವಿರಲಿಲ್ಲ. ಅಲ್ಲೂ ಮೂರೇ ಗಂಟು.

ಹಿಂಬದಿಯ ಮೆಟ್ಟಿಲು ಅರ್ಧದಲ್ಲಿ ತಿರುಗುವ ಕಡೆ ಒಂದು ಅಟ್ಟಣೆಯಷ್ಟು ಜಾಗವಿತ್ತು. ಅವನ ಅಕ್ಕ ಹೊಲಿಗೆ ಯಂತ್ರ ಇಟ್ಟುಕೊಂಡು ಕೂರುತ್ತಿದ್ದದ್ದು ಅಲ್ಲಿ. ಪ್ಯಾಂಟು ಗಿಡ್ಡ ಮಾಡುವುದು, ಜಿಪ್ಪು ಬದಲಿಸುವುದು, ಸೊಂಟ ಬಿಡಿಸುವುದು ಅವಳ ಕೆಲಸ. ಈ ಮಾಲ್ ತೆರೆದ ವರ್ಷ ಕಾವಲುಗಾರರ ಸಮವಸ್ತ್ರ ಹೊಲಿದುಕೊಟ್ಟು ಆ ಜಾಗ ಗಿಟ್ಟಿಸಿದ್ದಳು. ಅದೇ ಬಾಯಿಯಲ್ಲಿ ತಮ್ಮನಿಗೊಂದು ಕೆಲಸವನ್ನೂ ಕೇಳಿದ್ದಳು. ಅಪ್ಪ ಅಮ್ಮ ಹೋದ ಮೇಲೆ ಅವನಿಗೆ ಓದು, ಐಟಿಐ ಎಲ್ಲಾ ಮಾಡಿಸಿದ್ದು ಅವಳೇ. ತಾನು ಮದುವೆಯಾಗಿರಲಿಲ್ಲ.

ಅವತ್ತು ಅವಳ ಮುಂದೆ ಐದಾರು ಜನ ನಿಂತಿದ್ದರು. ಮೆಟ್ಟಿಲೇರಿ ಸುಸ್ತಾದವರಿಗೆ ಅಲ್ಲಿ ಕಣ್ಣು ಬೀಳುತ್ತಿತ್ತು. "ಓ, ಇಲ್ಲಿ ಹೊಲೀತಾರಾ?" ಎಂದು ನಿಲ್ಲುತ್ತಿದ್ದರು. ವಾರದ ಉಳಿದ ದಿನ ಅವಳು ಗೋಡೆ ನೋಡುತ್ತಾ ಕೂತಿರುತ್ತಿದ್ದಳು. ಮೂರನೆಯ ಶನಿವಾರವೇ ಈ ಗುಂಪು ಅವನ ಕಣ್ಣಿಗೆ ಬಿದ್ದಿತ್ತು. ಸದ್ಯ, ಅಕ್ಕನಿಗಾದರೂ ಒಂದಿಷ್ಟು ಕೆಲಸ ಬಂತಲ್ಲ ಎಂದುಕೊಂಡು ಆಚೆ ತಿರುಗಿದ್ದ. ಆಚೆ ತಿರುಗಿದ್ದೇಕೆ ಎಂದು ಈಗ ಮೊದಲ ಸಲ ಕೇಳಿಕೊಂಡ.

ಜನ ಕರಗಿದ ಮೇಲೆ ಇಬ್ಬರೂ ಊಟದ ಡಬ್ಬಿ ಬಿಚ್ಚಿದರು. ಅವನು ಅವಳ ಕೈಯನ್ನೇ ನೋಡುತ್ತಿದ್ದ. ಸ್ವಂತ ಅಕ್ಕನ ಕೈಯನ್ನು ಕಳ್ಳನ ಕೈ ನೋಡಿದ ಹಾಗೆ ನೋಡುತ್ತಿದ್ದೇನಲ್ಲಾ ಎಂದು ಡಬ್ಬಿಯ ಕಡೆ ಕಣ್ಣಿಳಿಸಿದ. ಆದರೂ ಕೇಳಿದ. ನೇರವಾಗಿ ಅಲ್ಲ.

"ಈ ಸಲ ಎರಡು ಹಲ್ಲು ಮುರಿದುಹೋದವಕ್ಕಾ."

"ಸುಳ್ಳು," ಎಂದಳು ಅವಳು ಥಟ್ಟನೆ. "ಮುರಿಯೋಕೆ ಸಾಧ್ಯವೇ ಇಲ್ಲ."

ಹೇಳಿದ ಮೇಲೆ ಅವಳ ಕೈ ಡಬ್ಬಿಯ ಅಂಚಿನಲ್ಲಿ ನಿಂತಿತು. ಮೇಲಿಂದ ಯಾರೋ ಇಳಿದು ಬಂದು ಇವರಿಬ್ಬರನ್ನು ದಾಟಿಕೊಂಡು ಹೋದರು. ಆಮೇಲೆ ಅವಳು, "ಅಂದ್ರೆ... ಗಟ್ಟಿ ಇರುತ್ತಲ್ಲ, ಕಬ್ಬಿಣ," ಎಂದು ಸೇರಿಸಿ ಉಪ್ಪಿನ ಡಬ್ಬಿ ಹುಡುಕತೊಡಗಿದಳು. ಉಪ್ಪಿನ ಡಬ್ಬಿ ಅವಳ ಮುಂದೆಯೇ ಇತ್ತು.

ಅವನು ತನ್ನ ಡಬ್ಬಿಯ ಮುಚ್ಚಳ ಹಾಕಿದ.

ಭಾನುವಾರ ಬೆಳಿಗ್ಗೆ ಕಂಪನಿಯ ಮ್ಯಾನೇಜರು ಅವನನ್ನು ತನ್ನ ಕೋಣೆಗೆ ಕರೆಸಿದ. "ಕೂತ್ಕೊಳ್ಳಿ," ಎಂದ. ಹದಿನೆಂಟು ವರ್ಷದಲ್ಲಿ ಆ ಕೋಣೆಯಲ್ಲಿ ಅವನಿಗೆ ಯಾರೂ ಕುರ್ಚಿ ತೋರಿಸಿರಲಿಲ್ಲ. ರಿಪೇರಿಯವನು ಕುರ್ಚಿಯ ತುದಿಯಲ್ಲಿ ಕೂತ.

"ನಾಳೆ ಮೀಟಿಂಗಲ್ಲಿ ನಿಮ್ಮನ್ನ ಹರಿದು ತಿನ್ನೋಕೆ ನೋಡ್ತಾರೆ. ನಿಮ್ಮಂಥ ಕೆಲಸಗಾರರಿಗೆ ಹಾಗಾಗಬಾರದು," ಎಂದು ಮ್ಯಾನೇಜರು ಒಂದು ಹಾಳೆ ಮುಂದಿಟ್ಟ. ಎಸ್ಕಲೇಟರ್ ಸಂಪೂರ್ಣ ಸವೆದಿದೆ, ಇನ್ನು ರಿಪೇರಿಗೆ ಬರುವ ಸ್ಥಿತಿಯಲ್ಲಿಲ್ಲ, ಜನ ಬಳಸಿದರೆ ಅಪಾಯ ಎಂದು ಅದರಲ್ಲಿ ಅಚ್ಚಾಗಿತ್ತು. ಕೆಳಗೆ ಸಹಿಗೆ ಜಾಗ.

"ಮೋಟಾರು ಚೆನ್ನಾಗಿದೆ ಸರ್. ಚೈನು ಹೋದ ವರ್ಷ ತಾನೇ ಹಾಕಿದ್ದು."

ಮ್ಯಾನೇಜರು ತನ್ನ ಮೇಜಿನ ಮೇಲಿನ ಕಂಪ್ಯೂಟರ್ ಪರದೆಯನ್ನು ಇವನ ಕಡೆ ತಿರುಗಿಸಿದ. ಕ್ಯಾಮೆರಾಗಳೆಲ್ಲ ಕೆಟ್ಟಿವೆ ಎಂದು ಅಂಗಡಿಯವರಿಗೆ ಅವನೇ ಹೇಳಿದ್ದ. ಪರದೆಯ ಮೇಲೆ ಅಂಗಡಿಗಳು ಆಗ ತಾನೇ ಬಾಗಿಲು ತೆರೆಯುತ್ತಿದ್ದವು. ಕೈಯಲ್ಲಿ ಟೀ ಫ್ಲಾಸ್ಕು ಹಿಡಿದ ಹೆಂಗಸೊಬ್ಬಳು ಎಸ್ಕಲೇಟರಿನ ಬುಡಕ್ಕೆ ಬಂದು, ಚಪ್ಪಲಿ ಸರಿಮಾಡಿಕೊಳ್ಳುವವಳ ಹಾಗೆ ಬಗ್ಗಿ, ಮೆಟ್ಟಿಲಿನ ಗೀರಿನೊಳಗೆ ಬೆರಳಿಂದ ಏನನ್ನೋ ಒತ್ತಿ, ಎದ್ದು ಮುಂದೆ ಹೋದಳು. ಮ್ಯಾನೇಜರು ಇನ್ನೊಂದು ಶನಿವಾರ ತೋರಿಸಿದ. ಮತ್ತೊಂದು. ಸೀರೆ ಬೇರೆ, ಬಗ್ಗುವುದು ಅದೇ.

"ನಿಮ್ಮಕ್ಕ, ಅಲ್ವಾ? ನಾನು ಯಾರಿಗೂ ಹೇಳಿಲ್ಲ. ಹೇಳೋದೂ ಇಲ್ಲ." ಪೆನ್ನಿನ ಮುಚ್ಚಳ ತೆಗೆದು ಹಾಳೆಯ ಮೇಲಿಟ್ಟ. "ನಾಳೆ ಮೀಟಿಂಗಿಗೆ ತಂದುಕೊಡಿ, ಸಾಕು."

ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಅವನು ಸೀದಾ ಅಕ್ಕನ ಹತ್ತಿರ ಹೋದ. ಹೊಲಿಗೆ ಯಂತ್ರದ ಹಲಗೆಯ ಮೇಲೆ ಆ ಪುಟ್ಟ ಚೀಲವನ್ನೂ ಹಾಳೆಯನ್ನೂ ಇಟ್ಟ. ಅವಳು ಕನ್ನಡಕ ಏರಿಸಿಕೊಂಡು ಹಾಳೆಯನ್ನು ಪೂರ್ತಿ ಓದಿದಳು. ಚೀಲವನ್ನು ಮುಟ್ಟಲಿಲ್ಲ.

"ಎಲ್ಲರೂ ನನ್ನನ್ನ ಅನುಮಾನಿಸ್ತಾರೆ ಅಂತ ಗೊತ್ತಿತ್ತಾ ನಿಂಗೆ?"

"ಮೊದಲನೇ ಸಲ ಗೊತ್ತಿರಲಿಲ್ಲ."

"ಏಳನೇ ಸಲ?"

ಅವಳು ಕೈಯಲ್ಲಿದ್ದ ಪ್ಯಾಂಟಿನ ಕಾಲು ಮಗುಚಿದಳು. "ಹೊಸ ಕಟ್ಟಡದ ನಕ್ಷೆ ನೋಡಿದೀಯಾ? ಬೂಟಿನವನಿಗೆ ಒಂದು ಚೌಕ ಇದೆ, ಗಡಿಯಾರದವರಿಗೆ ಒಂದು ಇದೆ. ಸಹಿ ಹಾಕಿದ್ರೂ ಜಾಗ, ಹಾಕದಿದ್ರೂ ಚೌಕಾಸಿ. ನಾನು ಕೂತಿರೋದು ಮೆಟ್ಟಿಲ ಮೇಲೆ ಕಣೋ. ಮೆಟ್ಟಿಲು ಯಾರ ಹೆಸರಲ್ಲೂ ಇರಲ್ಲ. ಬೀಳೋ ತನಕ ವಾರಕ್ಕೆ ಒಂದು ದಿನ ನಾಲ್ಕು ಜನ ನನ್ನ ಮುಂದೆ ಹಾದುಹೋಗಲಿ ಅನ್ನಿಸ್ತು. ಅಷ್ಟೇ."

"ಅವರ ವ್ಯಾಪಾರ ಹೋಯ್ತಲ್ಲಕ್ಕಾ."

"ಹದಿನೆಂಟು ವರ್ಷ ನನ್ನದು ಹೋಗುವಾಗ ಯಾರು ಕೇಳಿದ್ರು?" ಎಂದಳು. ಆಮೇಲೆ ದನಿ ತಗ್ಗಿಸಿ, "ಸಹಿ ಹಾಕಿಬಿಡು. ಹೇಗಿದ್ರೂ ಬೀಳೋ ಕಟ್ಟಡ. ನಿನ್ನ ಕೆಲಸಾನೂ ಉಳಿಯುತ್ತೆ, ನನ್ನ ಮಾನಾನೂ ಉಳಿಯುತ್ತೆ."

"ಚೆನ್ನಾಗಿರೋ ಯಂತ್ರ ಸತ್ತಿದೆ ಅಂತ ಬರೀಲಾ?"

"ಯಂತ್ರ ತಾನೇ," ಎಂದಳು ಅಕ್ಕ, ಮತ್ತು ಪೆಡಲು ತುಳಿಯತೊಡಗಿದಳು. ಮೇಲೆ ಎಸ್ಕಲೇಟರು ಓಡುತ್ತಿದ್ದ ಸದ್ದು ಸಣ್ಣಗೆ ಕೇಳುತ್ತಿತ್ತು. ಅವತ್ತು ಆ ಮೆಟ್ಟಿಲಿಗೆ ಯಾರೂ ಬರಲಿಲ್ಲ.

ಸೋಮವಾರದ ಮೀಟಿಂಗು ಮೂರನೆಯ ಅಂತಸ್ತಿನ ಮುಚ್ಚಿದ ತಿಂಡಿ ಅಂಗಡಿಗಳ ನಡುವೆ ನಡೆಯಿತು. ಅಂಗಡಿಯವರು ಕುರ್ಚಿಗಳ ದೂಳು ಒರೆಸಿಕೊಂಡು ಕೂತರು. ಅಕ್ಕನೂ ಬಂದು ಕೊನೆಯ ಸಾಲಿನಲ್ಲಿ ಕೂತಳು. ಅವಳಿಗೆ ಸಂಘದಲ್ಲಿ ಮತವಿರಲಿಲ್ಲ, ಆದರೂ ಬರುತ್ತಿದ್ದಳು. ಬೂಟಿನಂಗಡಿಯವನು ಏಳು ಶನಿವಾರದ ದಿನಾಂಕ ಓದಿದ. ಮ್ಯಾನೇಜರು ಎದ್ದು, "ಇದಕ್ಕೆ ಉತ್ತರ ಯಂತ್ರ ಬಲ್ಲವರೇ ಹೇಳ್ತಾರೆ," ಎಂದು ರಿಪೇರಿಯವನ ಕಡೆ ಕೈ ತೋರಿಸಿದ. ನಿಶ್ಚಿಂತೆಯಾಗಿತ್ತು ಆ ಕೈ, ಹಾಳೆಗೆ ಸಹಿ ಬಿದ್ದೇ ಹೋಗಿದೆ ಎನ್ನುವ ಹಾಗೆ.

ರಿಪೇರಿಯವನು ಎದ್ದು ನಿಂತ. ಹಾಳೆ ಜೇಬಿನಲ್ಲೇ ಇತ್ತು, ಸಹಿ ಬೀಳದೆ.

"ಎಸ್ಕಲೇಟರಿಗೆ ಏನೂ ಆಗಿಲ್ಲ," ಎಂದ. "ಇನ್ನೂ ಹತ್ತು ವರ್ಷ ಓಡುತ್ತೆ. ನಿಲ್ಲಿಸಿದ್ದು ನಮ್ಮಕ್ಕ." ಚೀಲವನ್ನು ಮೇಜಿನ ಮೇಲಿಟ್ಟ. "ಈ ಮ್ಯಾನೇಜರು ಅದನ್ನ ಕ್ಯಾಮೆರಾದಲ್ಲಿ ಏಳು ವಾರದಿಂದ ನೋಡ್ತಾ ಕೂತಿದ್ರು. ಯಂತ್ರ ಸತ್ತಿದೆ ಅಂತ ನಾನು ಸಹಿ ಹಾಕಿದ್ರೆ ಹೇಳಲ್ಲ ಅಂದ್ರು." ಹಾಳೆಯನ್ನೂ ಇಟ್ಟ.

ಕೊನೆಯ ಸಾಲಿನ ಕಡೆ ತಿರುಗುವ ಧೈರ್ಯ ಅವನಿಗಾಗಲಿಲ್ಲ. ಉಳಿದವರೆಲ್ಲ ತಿರುಗಿದರು.

ಆಮೇಲೆ ಗದ್ದಲವೋ ಗದ್ದಲ. ಕ್ಯಾಮೆರಾ ಕೆಟ್ಟಿದೆ ಎಂದಿದ್ದು ಯಾರು ಎಂದು ಕೆಲವರು ಮ್ಯಾನೇಜರನ್ನು ಹಿಡಿದುಕೊಂಡರು. ಅಕ್ಕನಿಗೆ ಚೀಲ ಹೊಲಿಯಲು ಹೇಳಿಕೊಟ್ಟವನೇ ಈ ಮ್ಯಾನೇಜರು ಎಂದು ಗಡಿಯಾರದಂಗಡಿಯವಳು ಖಡಾಖಂಡಿತವಾಗಿ ಹೇಳಿದಳು. ಅಕ್ಕ ತಮ್ಮ ಕೂಡಿಯೇ ಆಡಿದ ಆಟ, ಸಿಕ್ಕಿಬೀಳುವ ಹೊತ್ತಿಗೆ ಒಬ್ಬ ಸತ್ಯಹರಿಶ್ಚಂದ್ರನಾದ ಎಂದು ಇನ್ಯಾರೋ ಅಂದರು. ಯಾರೂ ಯಾರನ್ನೂ ಪೂರ್ತಿ ನಂಬಲಿಲ್ಲ. ಬೂಟಿನಂಗಡಿಯವನು ಮಾತ್ರ ಸುಮ್ಮನೆ ಚೀಲವನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. "ಹೊಲಿಗೆ ಗಟ್ಟಿಯಾಗಿದೆ," ಎಂದ ಕೊನೆಗೆ, ಚರ್ಮದ ಕೆಲಸ ಬಲ್ಲವನ ದನಿಯಲ್ಲಿ, ಮತ್ತು ಹಾಗೆ ಅಂದದ್ದಕ್ಕೆ ತಾನೇ ನಾಚಿಕೊಂಡ.

ಅವತ್ತು ಕಂಪನಿಗೆ ಒಂದು ಸಹಿಯೂ ಸಿಗಲಿಲ್ಲ. ವಾರದೊಳಗೆ ಆ ಮ್ಯಾನೇಜರನ್ನು ಬೇರೆ ಕಡೆ ಕಳಿಸಿದರು. ಇನ್ನೊಬ್ಬನು ಇನ್ನೊಂದು ನಕ್ಷೆ ಹಿಡಿದು ಬರುತ್ತಾನೆ ಎಂದು ಸುದ್ದಿಯಾಯಿತು. ರಿಪೇರಿಯವನ ಕೆಲಸ ಸದ್ಯಕ್ಕೆ ಉಳಿಯಿತು. ಅಕ್ಕ ಮುಂದಿನ ಭಾನುವಾರದೊಳಗೆ ಮೆಟ್ಟಿಲು ಖಾಲಿ ಮಾಡಬೇಕೆಂದು ತೀರ್ಮಾನಿಸಿದ್ದು ಮಾತ್ರ ಕಂಪನಿಯಲ್ಲ, ಸಂಘ.

ಆ ವಾರವೆಲ್ಲಾ ಮನೆಯಲ್ಲಿ ಅವಳು ಅವನ ತಟ್ಟೆಗೆ ಬಡಿಸಿದಳು, ಅವನ ಅಂಗಿ ಒಗೆದು ಹಾಕಿದಳು, ಒಂದು ಮಾತೂ ಆಡಲಿಲ್ಲ. "ಬೈದುಬಿಡಕ್ಕಾ," ಎಂದ ಒಂದು ದಿನ. ಅವಳು ನೀರು ತರಲು ಒಳಗೆ ಹೋದಳು.

ಭಾನುವಾರ ಅವನು ಕೇಳದೆಯೇ ಹೋಗಿ ಹೊಲಿಗೆ ಯಂತ್ರದ ಒಂದು ಬದಿ ಹಿಡಿದ. ಎಸ್ಕಲೇಟರಿನಲ್ಲಿ ಸಾಮಾನು ಸಾಗಿಸುವಂತಿಲ್ಲ. ಆ ನಿಯಮದ ಹಲಗೆ ಬರೆದದ್ದೇ ಅವನು. ಅವಳು ಇನ್ನೊಂದು ಬದಿ ಹಿಡಿದಳು. ಬೀಡುಕಬ್ಬಿಣದ ಕಾಲು, ತೇಗದ ಹಲಗೆ, ಹೆಣಭಾರ. ಅವನು ಹಿಮ್ಮುಖವಾಗಿ ಕೆಳಗೆ, ಅವಳು ಮೇಲೆ. ಮೂರು ಮೆಟ್ಟಿಲಿಗೆ ಅವಳ ಬದಿ ವಾಲಿತು. ಆಗ ಮೇಲಿಂದ ಇಳಿದು ಬಂದ ಬೂಟಿನಂಗಡಿಯವನು ಅವಳ ಪಕ್ಕದ ಮೂಲೆಗೆ ಕೈ ಕೊಟ್ಟ. ಅವಳು ಅವನ ಕಡೆ ನೋಡಲಿಲ್ಲ. ಕೈ ತೆಗೆ ಎಂದೂ ಅನ್ನಲಿಲ್ಲ.

ಕೆಳಗಿನಿಂದ ಒಬ್ಬಳು ಹೆಂಗಸು ಮಗನ ಪ್ಯಾಂಟನ್ನು ತೋಳಿನ ಮೇಲೆ ಹಾಕಿಕೊಂಡು ಹತ್ತಿ ಬರುತ್ತಿದ್ದಳು. ಎದುರಿಗೆ ಯಂತ್ರವೇ ಇಳಿದು ಬರುವುದನ್ನು ಕಂಡು ಗೋಡೆಗೆ ಒತ್ತಿ ನಿಂತಳು.

"ಅಯ್ಯೋ, ಮುಚ್ಚಿಬಿಟ್ರಾ? ಎರಡಿಂಚು ಗಿಡ್ಡ ಮಾಡಿಸಬೇಕಿತ್ತು."

"ಹಾಕಿ ಇಲ್ಲಿ," ಎಂದಳು ಅಕ್ಕ, ಎರಡೂ ಕೈಗೆ ಬಿಡುವಿಲ್ಲದೆ ಭುಜವನ್ನು ಅವಳ ಕಡೆ ವಾಲಿಸಿ.

ಹೆಂಗಸು ಪ್ಯಾಂಟನ್ನು ಅವಳ ಭುಜದ ಮೇಲೆ ಹಾಕಿದಳು. "ಎಲ್ಲಿಗೆ ಬಂದು ತಗೊಳ್ಳಲಿ?"

ಅಕ್ಕ ಉಸಿರು ಹಿಡಿದುಕೊಂಡು ಇನ್ನೊಂದು ಮೆಟ್ಟಿಲು ಇಳಿದಳು. ರಿಪೇರಿಯವನು ಕೆಳಗಿನಿಂದ ಅವಳ ಮುಖವನ್ನೇ ನೋಡುತ್ತಿದ್ದ. ಅವಳು ನೋಡುತ್ತಿದ್ದದ್ದು ತನ್ನ ಹೆಜ್ಜೆಯನ್ನು. ಭುಜದಿಂದ ಜೋತುಬಿದ್ದ ಪ್ಯಾಂಟಿನ ಎರಡು ಕಾಲುಗಳು, ಒಂದಾದ ಮೇಲೊಂದು, ಅವಳ ಜೊತೆಯಲ್ಲೇ ಮೆಟ್ಟಿಲು ಇಳಿಯುತ್ತಿದ್ದವು.